ಜಿಮ್ಮರ್ ಫ್ರೆಡೆಟ್: ಕಾಲೇಜಿನಲ್ಲಿ ಪಂದ್ಯಕ್ಕೆ 28.9 ಅಂಕ, ಎನ್‌ಬಿಎಯಲ್ಲಿ 6 ಅಂಕ. ನಡುವೆ ನಡೆದದ್ದೇನು?

ಪ್ರಶ್ನೆ

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲಿನ ಹಳೆಯ ಪಂದ್ಯಗಳನ್ನು ವರ್ಷವಾರು ನೋಡುತ್ತಾ ಬರುತ್ತಿದ್ದೇನೆ. 2010–11ರ ಋತುವಿಗೆ ಬಂದವನು ಅಲ್ಲಿಯೇ ನಿಂತುಬಿಟ್ಟಿದ್ದೇನೆ. ಕಾರಣ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಜಿಮ್ಮರ್ ಫ್ರೆಡೆಟ್. ನ್ಯೂಯಾರ್ಕ್ ರಾಜ್ಯದ ಗ್ಲೆನ್ಸ್ ಫಾಲ್ಸ್ ಎಂಬ ಸಣ್ಣ ಊರಿನಿಂದ ಯೂಟಾದ ಪ್ರೋವೊ ನಗರಕ್ಕೆ ಓದಲು ಬಂದ ಈತ ಮೊದಲ ವರ್ಷ ಪಂದ್ಯಕ್ಕೆ ಸರಾಸರಿ 7 ಅಂಕ ಗಳಿಸಿದ ಸಾಧಾರಣ ಗಾರ್ಡ್, ಅಂದರೆ ಬುಟ್ಟಿಯಿಂದ ದೂರದಲ್ಲಿ ಚೆಂಡು ನಡೆಸುತ್ತಾ ಆಡುವ ಆಟಗಾರ. ಎರಡನೆಯ ವರ್ಷ ಅದು 16.2 ಆಯಿತು, ಮೂರನೆಯ ವರ್ಷ 22.1, ಕೊನೆಯ ವರ್ಷ 28.9. ಆ ಕೊನೆಯ ವರ್ಷ ಇಡೀ ದೇಶದ ಕಾಲೇಜು ಆಟಗಾರರಲ್ಲಿ ಅತಿ ಹೆಚ್ಚು ಸರಾಸರಿ ಅವನದೇ. ವುಡನ್, ನೈಸ್ಮಿತ್ ಸೇರಿದಂತೆ ವರ್ಷದ ಆಟಗಾರನಿಗೆ ಕೊಡುವ ಪ್ರಮುಖ ಪ್ರಶಸ್ತಿಗಳೂ ಅವನ ಪಾಲಾದವು.

ಅಂಕಿಗಳಿಗಿಂತ ಆ ಅಂಕಗಳು ಬಂದ ರೀತಿ ನನ್ನನ್ನು ಬೆರಗುಗೊಳಿಸಿತು. 2011ರ ಜನವರಿಯಲ್ಲಿ, ಅಲ್ಲಿಯವರೆಗೆ ಒಂದೂ ಪಂದ್ಯ ಸೋಲದ ಸ್ಯಾನ್ ಡಿಯಾಗೊ ಸ್ಟೇಟ್ ತಂಡದ ವಿರುದ್ಧ 43 ಅಂಕ. ಮಾರ್ಚ್‌ನಲ್ಲಿ ತಂಡದ ಮುಖ್ಯ ಎತ್ತರದ ಆಟಗಾರ ವಿಶ್ವವಿದ್ಯಾಲಯದ ನಡತೆಯ ನಿಯಮ ಮುರಿದನೆಂಬ ಕಾರಣಕ್ಕೆ ಅಮಾನತಾದ ಮರುದಿನವೇ ತಂಡ ನ್ಯೂ ಮೆಕ್ಸಿಕೊ ಎದುರು ಸೋಲುತ್ತದೆ. ಅದೇ ನ್ಯೂ ಮೆಕ್ಸಿಕೊ ಹತ್ತು ದಿನ ಕಳೆಯುವುದರೊಳಗೆ ಕಾನ್ಫರೆನ್ಸ್ (ಕಾಲೇಜು ತಂಡಗಳ ಗುಂಪು) ಟೂರ್ನಿಯಲ್ಲಿ ಮತ್ತೆ ಎದುರಾದಾಗ ಫ್ರೆಡೆಟ್ ಒಬ್ಬನೇ 52 ಅಂಕ ಗಳಿಸುತ್ತಾನೆ. ಮೂರು ಅಂಕದ ಗೆರೆಯಿಂದ ಎರಡು ಹೆಜ್ಜೆ ಹಿಂದೆ, ಎದುರಾಳಿ ಇನ್ನೂ ಕೈ ಎತ್ತುವ ಮೊದಲೇ ಚೆಂಡು ಗಾಳಿಯಲ್ಲಿರುತ್ತದೆ.

ಇಂಥವನನ್ನು, ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯ ತಂಡಗಳು ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುವ 2011ರ ಡ್ರಾಫ್ಟಿನಲ್ಲಿ 10ನೆಯವನಾಗಿ ಆರಿಸಿಕೊಳ್ಳಲಾಯಿತು. ಮಿಲ್ವಾಕೀ ತಂಡದ ಹೆಸರಿನಲ್ಲಿ ನಡೆದ ಆ ಆಯ್ಕೆ ಮೂರು ತಂಡಗಳ ವಿನಿಮಯದಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್‌ಗೆ ಸೇರಿತು. ಆಮೇಲೆ ಎನ್‌ಬಿಎಯಲ್ಲಿ ಒಟ್ಟು 241 ಪಂದ್ಯ, ಸರಾಸರಿ 6 ಅಂಕ. ಅವನ ನಂತರದ 11ನೆಯ ಆಯ್ಕೆ ಕ್ಲೇ ಥಾಂಪ್ಸನ್, 15ನೆಯ ಆಯ್ಕೆ ಕವಾಯ್ ಲೆನರ್ಡ್, ಇಬ್ಬರೂ ಮುಂದೆ ದೊಡ್ಡ ತಾರೆಗಳಾದವರು ಎಂಬುದನ್ನು ನೆನೆದರೆ ಈ ಅಂಕಿ ಇನ್ನಷ್ಟು ಸಪ್ಪೆಯಾಗಿ ಕಾಣುತ್ತದೆ.

ನನ್ನ ಪ್ರಶ್ನೆ ಇಷ್ಟೇ. ಚೆಂಡನ್ನು ಬುಟ್ಟಿಗೆ ಹಾಕುವ ಕೈ ಅದೇ, ಬುಟ್ಟಿಯ ಎತ್ತರವೂ ಅದೇ. ಹಾಗಿರುವಾಗ ಒಂದೇ ಬೇಸಿಗೆಯ ಅಂತರದಲ್ಲಿ ಆಟಗಾರನೊಬ್ಬ ಹೀಗೆ ಕುಗ್ಗುವುದು ಹೇಗೆ? ಎತ್ತರ ಕಡಿಮೆ, ವೇಗ ಸಾಲದು ಎಂಬ ಉತ್ತರವನ್ನು ಹಲವೆಡೆ ಓದಿದ್ದೇನೆ. ಅದು ನನಗೆ ಒಪ್ಪಿಗೆಯಾಗುತ್ತಿಲ್ಲ.

ಮೊದಲ ಉತ್ತರ

ಎತ್ತರದ ವಾದ ತಮಗೆ ಒಪ್ಪಿಗೆಯಾಗದಿರುವುದು ಸರಿಯಾಗಿಯೇ ಇದೆ. ಅದನ್ನು ತಳ್ಳಿಹಾಕಲು ಬೇಕಾದ ಸಾಕ್ಷಿ ಫ್ರೆಡೆಟ್‌ನ ಪಕ್ಕದಲ್ಲಿಯೇ ಕುಳಿತಿತ್ತು. ಅದೇ 2011ರ ಡ್ರಾಫ್ಟಿನ ಕಟ್ಟಕಡೆಯ, ಅಂದರೆ 60ನೆಯ ಆಯ್ಕೆಯಾಗಿ ಅದೇ ಸ್ಯಾಕ್ರಮೆಂಟೊ ತಂಡಕ್ಕೆ ಬಂದವನು ಐಸಾಯಾ ಥಾಮಸ್. ಫ್ರೆಡೆಟ್ ಆರು ಅಡಿ ಎರಡು ಅಂಗುಲ, ಥಾಮಸ್ ಐದು ಅಡಿ ಒಂಬತ್ತು ಅಂಗುಲ. ಋತುವಿನ ಮಧ್ಯಕ್ಕೆ ಬರುವಷ್ಟರಲ್ಲಿ ಆರಂಭಿಕ ಐವರಲ್ಲಿ ಆಟ ಕಟ್ಟುವ ಪಾಯಿಂಟ್ ಗಾರ್ಡ್ ಸ್ಥಾನ ಥಾಮಸ್‌ಗೆ ದಕ್ಕಿತು, ಫ್ರೆಡೆಟ್ ಬೆಂಚಿನಲ್ಲಿ ಉಳಿದ. ಆ ಮೊದಲ ವರ್ಷ ಥಾಮಸ್ 11.5 ಅಂಕಗಳ ಸರಾಸರಿ ಗಳಿಸಿದರೆ ಫ್ರೆಡೆಟ್‌ನದು 7.6. ಪ್ರಾಸಂಗಿಕವಾಗಿ ಒಂದು ಮಾತು ಹೇಳುತ್ತೇನೆ, ವಿಧಿಯ ಕುಚೋದ್ಯ ಎಂದರೂ ಸರಿಯೇ: ಮುಂದೆ 2016–17ರಲ್ಲಿ ಬಾಸ್ಟನ್ ಪರವಾಗಿ ಆಡುತ್ತಾ ಥಾಮಸ್ ಗಳಿಸಿದ ಸರಾಸರಿ ಸರಿಯಾಗಿ 28.9. ಫ್ರೆಡೆಟ್ ಕಾಲೇಜಿನಲ್ಲಿ ಗಳಿಸಿದ್ದೂ ಅಷ್ಟೇ.

ಹಾಗಾದರೆ ವ್ಯತ್ಯಾಸ ಎಲ್ಲಿತ್ತು? ತಮ್ಮ ಪ್ರಶ್ನೆಯಲ್ಲಿ ಕೈ ಇದೆ, ಬುಟ್ಟಿ ಇದೆ, ಆದರೆ ಚೆಂಡು ಯಾರ ಬಳಿ ಎಷ್ಟು ಹೊತ್ತು ಇರುತ್ತದೆ ಎಂಬುದು ಇಲ್ಲ. ನನ್ನ ತಿಳಿವಳಿಕೆಯಲ್ಲಿ ಫ್ರೆಡೆಟ್‌ನ ಇಡೀ ವೃತ್ತಿಜೀವನದ ಗುಟ್ಟು ಅಲ್ಲಿದೆ. ಬ್ರಿಗಮ್ ಯಂಗ್ ತಂಡದಲ್ಲಿ ಚೆಂಡನ್ನು ಅಂಗಳದ ಈ ತುದಿಯಿಂದ ಆ ತುದಿಗೆ ತರುವವನು ಅವನೇ, ಜೊತೆಗಾರ ಬಂದು ಸ್ಕ್ರೀನ್ ಹಾಕಿದಾಗ, ಅಂದರೆ ಕಾಯುವವನ ದಾರಿಗೆ ಅಡ್ಡ ನಿಂತಾಗ, ಅದನ್ನು ಬಳಸಿಕೊಂಡು ಎಡಕ್ಕೋ ಬಲಕ್ಕೋ ತಿರುಗುವವನೂ ಅವನೇ, ಕೊನೆಗೆ ಎಸೆಯುವವನೂ ಬಹುಪಾಲು ಅವನೇ. ಅಂದಿನ ಕಾಲೇಜು ಆಟದಲ್ಲಿ ಒಂದು ದಾಳಿಗೆ 35 ಸೆಕೆಂಡುಗಳ ಅವಕಾಶವಿತ್ತು. ಮೊದಲ ಪ್ರಯತ್ನದಲ್ಲಿ ದಾರಿ ಸಿಗದಿದ್ದರೆ ಹಿಂದೆ ಸರಿದು, ಚೆಂಡನ್ನು ನಾಲ್ಕು ಸಲ ನೆಲಕ್ಕೆ ಬಡಿದು, ಎರಡನೆಯ ಸಲ ಯತ್ನಿಸಬಹುದಿತ್ತು. ಎನ್‌ಬಿಎಯಲ್ಲಿ ಇರುವುದು 24 ಸೆಕೆಂಡು. ಚೆಂಡನ್ನು ಮುಂದಕ್ಕೆ ತರುವಷ್ಟರಲ್ಲಿ ಅದರಲ್ಲಿ ಒಂದು ಪಾಲು ಕರಗಿರುತ್ತದೆ. ಸ್ಕ್ರೀನ್ ಹಾಕಿದೊಡನೆ ಎದುರಾಳಿಯ ಎತ್ತರದ ಆಟಗಾರ ಹೊರಗೆ ಬಂದು ದಾರಿಗೆ ಅಡ್ಡ ನಿಲ್ಲುತ್ತಾನೆ. ಅವನ ತೋಳು ಕಾಲೇಜಿನ ಆಟಗಾರನ ತೋಳಿಗಿಂತ ಉದ್ದ, ಹೆಜ್ಜೆ ಅದಕ್ಕಿಂತ ಚುರುಕು.

ಸ್ಯಾಕ್ರಮೆಂಟೊದಲ್ಲಿ ಚೆಂಡು ಬೇಕೆನ್ನುವವರ ಕೊರತೆಯಂತೂ ಇರಲಿಲ್ಲ. ಟೈರೀಕ್ ಇವಾನ್ಸ್, ಮಾರ್ಕಸ್ ಥಾರ್ನ್‌ಟನ್, ಡಿಮಾರ್ಕಸ್ ಕಸಿನ್ಸ್ ಮೂವರೂ ಚೆಂಡು ಕೈಗೆ ಬಂದ ಮೇಲೆಯೇ ಆಟ ಶುರುವಾಯಿತೆಂದು ತಿಳಿಯುವವರು. ಸಾಲದೆಂಬಂತೆ ಆ ವರ್ಷ ಆಟಗಾರರ ಸಂಘಕ್ಕೂ ತಂಡಗಳ ಮಾಲೀಕರಿಗೂ ಒಪ್ಪಂದ ಕುದುರದೆ ಲೀಗ್ ಬಾಗಿಲು ಹಾಕಿತ್ತು. ಹೊಸಬರು ಕೈ ಪಳಗಿಸಿಕೊಳ್ಳುವ ಬೇಸಿಗೆ ಲೀಗ್ ನಡೆಯಲಿಲ್ಲ. ಡಿಸೆಂಬರ್‌ನಲ್ಲಿ ಅವಸರದ ತರಬೇತಿ ಶಿಬಿರ, ಕ್ರಿಸ್‌ಮಸ್ ದಿನ ಋತುವಿನ ಆರಂಭ, 66 ಪಂದ್ಯಗಳ ಮೊಟಕುಗೊಂಡ ವೇಳಾಪಟ್ಟಿ. ಏಳು ಪಂದ್ಯಗಳಾಗುವಷ್ಟರಲ್ಲಿ ಕೋಚ್ ಪಾಲ್ ವೆಸ್ಟ್‌ಫಾಲ್ ಹೊರಬಿದ್ದು ಕೀತ್ ಸ್ಮಾರ್ಟ್ ಬಂದರು. 2013ರಲ್ಲಿ ತಂಡದ ಮಾಲೀಕತ್ವ ಬದಲಾದಾಗ ಮೈಕಲ್ ಮಲೋನ್ ಬಂದರು. ಮೂರು ಋತುಗಳಿಗೆ ಮೂವರು ಕೋಚ್‌ಗಳು.

ಈಗ ನಾನು ಮುಖ್ಯವೆಂದು ಭಾವಿಸುವ ಅಂಕಿಗಳಿಗೆ ಬರುತ್ತೇನೆ. ಆ ಮೂರು ಋತುಗಳಲ್ಲಿ ಕಿಂಗ್ಸ್ ಪರವಾಗಿ ಅವನ ಮೂರು ಅಂಕದ ಎಸೆತಗಳು ಗುರಿ ಮುಟ್ಟಿದ ಪ್ರಮಾಣ ಕ್ರಮವಾಗಿ ಶೇ 36.1, ಶೇ 41.7, ಶೇ 49.3. ಪಂದ್ಯಕ್ಕೆ ಅವನಿಗೆ ಸಿಕ್ಕ ಸಮಯ ಕ್ರಮವಾಗಿ 18.6, 14.0, 11.3 ನಿಮಿಷ. ಗುರಿ ಏರುತ್ತಾ ಹೋದಂತೆ ಸಮಯ ಇಳಿಯುತ್ತಾ ಹೋಗಿದೆ. ಆದ್ದರಿಂದ ಕೈ ಕುಗ್ಗಿತು ಎಂಬ ತಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಕುಗ್ಗಿದ್ದು ಆ ಕೈಗೆ ಚೆಂಡು ತಲುಪುವ ಅವಕಾಶ.

ಅವಕಾಶ ಕೊಡದಿದ್ದ ಕೋಚ್‌ಗಳು ಮೂಢರಾಗಿದ್ದರೆಂದೂ ಹೇಳಲಾರೆ. ಕಾಲೇಜಿನಲ್ಲಿ ಫ್ರೆಡೆಟ್‌ನನ್ನು ಎದುರಾಳಿಯ ದುರ್ಬಲ ಗಾರ್ಡ್‌ನ ಮೇಲೆ ಬಿಟ್ಟು, ಅಥವಾ ಜಾಗ ಹಂಚಿಕೊಂಡು ಕಾಯುವ ಜೋನ್ ರಕ್ಷಣೆಯಲ್ಲಿ ಮರೆಮಾಡಿ ಉಳಿಸಿಕೊಳ್ಳಬಹುದಿತ್ತು. ತಂಡದ ಅಂಕಗಳೆಲ್ಲ ಅವನಿಂದಲೇ ಬರುವಾಗ ಅವನು ಫೌಲ್ ಮಾಡಿಕೊಂಡು ಹೊರಹೋಗುವುದಕ್ಕಿಂತ ರಕ್ಷಣೆಯಲ್ಲಿ ಸ್ವಲ್ಪ ಸಡಿಲವಾಗಿರುವುದೇ ಮೇಲು ಎಂಬ ಲೆಕ್ಕ ಅಲ್ಲಿ ನಡೆಯುತ್ತಿತ್ತು. ವೃತ್ತಿಪರ ಲೀಗಿನಲ್ಲಿ ಮರೆಯಾಗಲು ಜಾಗವಿಲ್ಲ. ಎದುರಾಳಿಗಳು ಅಂಗಳದ ಮೇಲಿರುವ ಐವರಲ್ಲಿ ದುರ್ಬಲ ರಕ್ಷಕ ಯಾರೆಂದು ಹುಡುಕಿ, ಅವನು ಕಾಯುತ್ತಿರುವವನನ್ನೇ ಸ್ಕ್ರೀನಿಗೆ ಕರೆಯುತ್ತಾರೆ. ಒಂದು ತುದಿಯಲ್ಲಿ ಮೂರು ಅಂಕ ತಂದವನು ಇನ್ನೊಂದು ತುದಿಯಲ್ಲಿ ಅದನ್ನು ಮರಳಿಸುತ್ತಿದ್ದರೆ ಕೋಚ್‌ನ ಕೈ ಬೆಂಚಿನ ಕಡೆಗೆ ಹೋಗುವುದು ಸಹಜ. 2013ರ ಅಕ್ಟೋಬರ್‌ನಲ್ಲಿ ಕಿಂಗ್ಸ್ ಅವನ ಒಪ್ಪಂದದ ನಾಲ್ಕನೆಯ ವರ್ಷವನ್ನು ಕೈಬಿಟ್ಟಿತು. 2014ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅವನು ತನ್ನ ಎನ್‌ಬಿಎ ಜೀವನದ ಅತ್ಯಧಿಕವಾದ 24 ಅಂಕ ಗಳಿಸಿದ. ಅದೇ ತಿಂಗಳು ತಂಡ ಒಪ್ಪಂದದ ಉಳಿದ ಹಣದ ಲೆಕ್ಕ ಚುಕ್ತಾ ಮಾಡಿ ಅವನನ್ನು ಬಿಟ್ಟುಕೊಟ್ಟಿತು.

ಎರಡನೆಯ ಉತ್ತರ

ಮೇಲಿನ ಉತ್ತರ ಬಹಳ ಮಟ್ಟಿಗೆ ಸರಿ. ಆದರೆ ಅವಕಾಶದ ಕೊರತೆಯನ್ನೇ ಕೊನೆಯ ಮಾತೆಂದು ಒಪ್ಪಿಕೊಂಡರೆ ಜೆ. ಜೆ. ರೆಡಿಕ್‌ನನ್ನು ವಿವರಿಸುವುದು ಕಷ್ಟವಾಗುತ್ತದೆ. 2005–06ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ರೆಡಿಕ್ ಮತ್ತು ಗೊಂಜಾಗ ವಿಶ್ವವಿದ್ಯಾಲಯದ ಆ್ಯಡಮ್ ಮಾರಿಸನ್ ನಡುವೆ ಇಡೀ ಋತು ನಡೆದ ಪೈಪೋಟಿಯನ್ನು ನೋಡಿದವರಿಗೆ ಫ್ರೆಡೆಟ್‌ನ ಕಥೆ ಹೊಸದೆನಿಸುವುದಿಲ್ಲ. ಮಾರಿಸನ್ 28.1 ಅಂಕಗಳ ಸರಾಸರಿಯೊಂದಿಗೆ ದೇಶಕ್ಕೆ ಮೊದಲಿಗನಾದ. ರೆಡಿಕ್‌ನದು 26.8. ಡ್ರಾಫ್ಟಿನಲ್ಲಿ ಮಾರಿಸನ್ ಮೂರನೆಯವನಾಗಿ ಶಾರ್ಲೆಟ್‌ಗೂ ರೆಡಿಕ್ ಹನ್ನೊಂದನೆಯವನಾಗಿ ಒರ್ಲ್ಯಾಂಡೊಗೂ ಹೋದರು.

ಮಾರಿಸನ್‌ಗೆ ಅವಕಾಶ ಸಿಕ್ಕಿತ್ತು ಎಂಬುದನ್ನು ಗಮನಿಸಬೇಕು. ಮೊದಲ ವರ್ಷವೇ ಸಾಕಷ್ಟು ಆಡಿ 11.8 ಅಂಕಗಳ ಸರಾಸರಿ ಗಳಿಸಿದ. ಆದರೆ ಎಸೆದ ಚೆಂಡುಗಳಲ್ಲಿ ಗುರಿ ಮುಟ್ಟಿದ್ದು ಶೇ 37.6 ಮಾತ್ರ. ಮರುವರ್ಷ ಋತುವಿಗೆ ಮೊದಲೇ ಮೊಣಕಾಲಿನ ಅಸ್ಥಿರಜ್ಜು ಹರಿದು ಇಡೀ ವರ್ಷ ಹೊರಗುಳಿದ. ಮುಂದೆ ಲಾಸ್ ಏಂಜಲೀಸ್ ಲೇಕರ್ಸ್ ತಂಡದಲ್ಲಿದ್ದು 2009 ಮತ್ತು 2010ರಲ್ಲಿ ಎರಡು ಚಾಂಪಿಯನ್‌ಶಿಪ್ ಉಂಗುರಗಳನ್ನು ಪಡೆದದ್ದು ನಿಜ, ಅದು ಬಹುತೇಕ ಬೆಂಚಿನಲ್ಲಿ ಕುಳಿತು ಪಡೆದದ್ದು.

ರೆಡಿಕ್‌ಗೆ ಮೊದಲಿಗೆ ಅವಕಾಶವೇ ಇರಲಿಲ್ಲ. ಎರಡನೆಯ ವರ್ಷ ಅವನು ಆಡಿದ್ದು 34 ಪಂದ್ಯ, ಪಂದ್ಯಕ್ಕೆ ಸುಮಾರು ಎಂಟು ನಿಮಿಷ, ಸರಾಸರಿ 4.1 ಅಂಕ. ಫ್ರೆಡೆಟ್‌ನ ಅತಿ ಕೆಟ್ಟ ಕಿಂಗ್ಸ್ ಋತುವಿಗಿಂತಲೂ ಇದು ಕಡೆ. ಹಾಗಿದ್ದೂ ರೆಡಿಕ್ ಹದಿನೈದು ಋತುಗಳ ಕಾಲ ಎನ್‌ಬಿಎಯಲ್ಲಿ ಆಡಿದ. ಇಡೀ ವೃತ್ತಿಜೀವನದಲ್ಲಿ ಮೂರು ಅಂಕದ ಎಸೆತಗಳಲ್ಲಿ ಶೇ 41.5ರಷ್ಟು ಗುರಿ ಮುಟ್ಟಿದ. ತನ್ನ ಹದಿಮೂರನೆಯ ಋತುವಿನಲ್ಲಿ, ಅಂದರೆ 2018–19ರಲ್ಲಿ ಫಿಲಡೆಲ್ಫಿಯಾ ಪರವಾಗಿ, ತನ್ನ ಅತ್ಯುತ್ತಮ ಸರಾಸರಿಯಾದ 18.1 ಅಂಕ ಗಳಿಸಿದ. ಈಗ ಲೇಕರ್ಸ್ ತಂಡದ ಕೋಚ್ ಆಗಿದ್ದಾನೆ ಎಂಬುದು ಬೇರೆಯ ಅಧ್ಯಾಯ.

ಅವನು ಮಾಡಿದ್ದೇನು? ಚೆಂಡಿಲ್ಲದೆ ಆಡುವುದನ್ನು ಕಲಿತ. ಈ ಮಾತು ಕೇಳಲು ಸುಲಭ, ಮಾಡಲು ಅಷ್ಟೇ ಕಠಿಣ. ಒಂದು ದಾಳಿಯಲ್ಲಿ ಮೂರು ಸ್ಕ್ರೀನ್‌ಗಳನ್ನು ಸುತ್ತಿ ಅಂಗಳದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡಬೇಕು, ಕಾಯುವವನು ಒಂದು ಹೆಜ್ಜೆ ಹಿಂದೆ ಬಿದ್ದ ಗಳಿಗೆಯಲ್ಲಿ ಚೆಂಡು ಕೈಗೆ ಬರಬೇಕು, ಬಂದೊಡನೆ ಕಾಲು ನೆಲದಲ್ಲಿ ನೆಟ್ಟಿರಬೇಕು, ಎಸೆಯಬೇಕು. ಹತ್ತು ಸಲ ಹೀಗೆ ಓಡಿದರೆ ಆರು ಸಲ ಚೆಂಡೇ ಬರದಿರಬಹುದು. ಆದರೂ ಓಡಬೇಕು, ಏಕೆಂದರೆ ಆ ಓಟದಿಂದ ಎದುರಾಳಿ ತಂಡದ ಇಬ್ಬರು ಅಲುಗಾಡಿ ಬೇರೆಯವನಿಗೆ ದಾರಿ ತೆರೆದುಕೊಳ್ಳುತ್ತದೆ. ಡ್ಯೂಕ್‌ನಲ್ಲಿ ರೆಡಿಕ್ ಈ ಕೆಲಸವನ್ನು ಮೊದಲೇ ಸಾಕಷ್ಟು ಮಾಡಿದ್ದನೆಂಬುದು ಅವನ ಅದೃಷ್ಟ. ಒರ್ಲ್ಯಾಂಡೊದಲ್ಲಿ ರಕ್ಷಣೆಯಲ್ಲಿ ಎಲ್ಲಿ ನಿಲ್ಲಬೇಕೆಂಬ ಪಾಠವನ್ನೂ ಕಲಿತು, ಅತ್ಯುತ್ತಮ ರಕ್ಷಕನಾಗದಿದ್ದರೂ ತಂಡಕ್ಕೆ ಹೊರೆಯಾಗದಷ್ಟು ಸುಧಾರಿಸಿಕೊಂಡ.

ಫ್ರೆಡೆಟ್ ಅದನ್ನು ಕಲಿಯಲಿಲ್ಲವೇ ಎಂದು ಕೇಳಿದರೆ, ಯತ್ನಿಸಿದ ಎಂದೇ ನನ್ನ ಉತ್ತರ. ಷಿಕಾಗೊ, ನ್ಯೂ ಆರ್ಲಿಯನ್ಸ್ ತಂಡಗಳಲ್ಲಿ ಅವನಿಗೆ ಒಪ್ಪಿಸಿದ್ದು ಮೂಲೆಯಲ್ಲಿ ನಿಂತು ಬಂದ ಚೆಂಡನ್ನು ಎಸೆಯುವ ಕೆಲಸವೇ. ಆದರೆ 2014–15ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ 50 ಪಂದ್ಯಗಳಲ್ಲಿ ಅವನ ಮೂರು ಅಂಕದ ಗುರಿ ಶೇ 18.8ಕ್ಕೆ ಕುಸಿಯಿತು. ವಾರಕ್ಕೊಮ್ಮೆ ಅಂಗಳಕ್ಕಿಳಿದು, ಹತ್ತು ನಿಮಿಷದಲ್ಲಿ ಎರಡು ಸಲ ಎಸೆದು, ಎರಡನ್ನೂ ಬುಟ್ಟಿಗೆ ಹಾಕುವುದು ಬೇರೆಯದೇ ವಿದ್ಯೆ. ಚೆಂಡನ್ನು ನೆಲಕ್ಕೆ ಬಡಿಯುತ್ತಾ ತನ್ನ ಲಯವನ್ನು ತಾನೇ ಕಟ್ಟಿಕೊಳ್ಳುವ ಆಟಗಾರನಿಗೆ ಅದು ಸುಲಭವಾಗಿ ಒಲಿಯುವುದಿಲ್ಲ. ಮೊದಲ ಉತ್ತರದವರು ಅವಕಾಶ ಕಡಿಮೆಯಾಯಿತು ಎಂದರು. ಯಾವ ಬಗೆಯ ಅವಕಾಶ ಎಂದು ಸೇರಿಸಿದರೆ ನಮ್ಮಿಬ್ಬರ ಮಾತೂ ಒಂದೇ ಆಗುತ್ತದೆ.

ಮೂರನೆಯ ಉತ್ತರ

ಕಾಲದ ಮಾತನ್ನು ಇಬ್ಬರೂ ಬಿಟ್ಟಿರುವಿರಿ. 2011–12ರಲ್ಲಿ ಎನ್‌ಬಿಎ ತಂಡವೊಂದು ಪಂದ್ಯಕ್ಕೆ ಸರಾಸರಿ 18.4 ಸಲ ಮೂರು ಅಂಕಕ್ಕೆ ಎಸೆಯುತ್ತಿತ್ತು. 2018–19ಕ್ಕೆ ಅದು 32ಕ್ಕೆ ಏರಿತು. ಚೆಂಡು ಹಿಡಿದು ಬಂದು ಗೆರೆಯಿಂದ ಮೂರು ಅಡಿ ಹಿಂದೆ ನಿಂತು ಎಸೆಯುವುದನ್ನು ಫ್ರೆಡೆಟ್ ಬಂದ ಕಾಲದಲ್ಲಿ ಅಶಿಸ್ತು ಎನ್ನುತ್ತಿದ್ದರು. ಅದನ್ನೇ ಸ್ಟೆಫನ್ ಕರಿ 2015–16ರಲ್ಲಿ ಒಂದೇ ಋತುವಿನಲ್ಲಿ 402 ಮೂರು ಅಂಕದ ಬುಟ್ಟಿಗಳೊಂದಿಗೆ ಆಟದ ವ್ಯಾಕರಣವಾಗಿಸಿದ. ಕರಿಯೂ ಡೇವಿಡ್‌ಸನ್ ಎಂಬ ಸಣ್ಣ ಕಾಲೇಜಿನಿಂದ 28.6 ಅಂಕಗಳ ಸರಾಸರಿಯೊಂದಿಗೆ 2008–09ರಲ್ಲಿ ದೇಶಕ್ಕೆ ಮೊದಲಿಗನಾಗಿ ಬಂದವನೇ. ಅವನ ತಂಡ ಅವನಿಗಾಗಿ ಕಾದಿತು. ಕಣಕಾಲಿನ ಶಸ್ತ್ರಚಿಕಿತ್ಸೆಗಳ ನಡುವೆಯೂ 2012ರಲ್ಲಿ ಅವನ ಒಪ್ಪಂದವನ್ನು ಮುಂದುವರಿಸಿತು. ಫ್ರೆಡೆಟ್‌ಗಾಗಿ ಯಾರೂ ಕಾಯಲಿಲ್ಲ. ಏಳು ವರ್ಷ ತಡವಾಗಿ ಹುಟ್ಟಿದ್ದರೆ ಅವನ ಕಥೆ ಬೇರೆಯಾಗುತ್ತಿತ್ತು ಎಂದೇ ನನ್ನ ಅಭಿಪ್ರಾಯ.

ಎರಡನೆಯ ಉತ್ತರದವರ ಪ್ರತಿಕ್ರಿಯೆ

ಕ್ಷಮಿಸಿ, ಕರಿಯೊಂದಿಗಿನ ಈ ಹೋಲಿಕೆ ಎಲ್ಲೆಡೆ ಬರುತ್ತದೆ, ಎಲ್ಲೆಡೆಯೂ ಅರ್ಧಕ್ಕೆ ನಿಲ್ಲುತ್ತದೆ. ಕರಿ ಚೆಂಡನ್ನು ಬೇರೆಯವರಿಗೆ ಕೊಟ್ಟ ಮರುಕ್ಷಣವೇ ಓಡತೊಡಗುತ್ತಾನೆ. ಚೆಂಡು ಹಿಡಿದಿರುವ ಕರಿಗಿಂತ ಹಿಡಿಯದಿರುವ ಕರಿಯನ್ನು ಕಾಯುವುದು ಎದುರಾಳಿಗಳಿಗೆ ಹೆಚ್ಚು ದಣಿವಿನ ಕೆಲಸ. ಇನ್ನು ಕಾಲದ ವಾದಕ್ಕೆ ಪರೀಕ್ಷೆಯೂ ಆಗಿಹೋಗಿದೆ. ತಾವು ಹೇಳುವ ಅದೇ 2018–19ರ ಕೊನೆಯಲ್ಲಿ ಫೀನಿಕ್ಸ್ ಸನ್ಸ್ ಫ್ರೆಡೆಟ್‌ನನ್ನು ಕರೆಸಿಕೊಂಡಿತು. ಆಗ ಅವನಿಗೆ ಮೂವತ್ತು ವರ್ಷ. ಆಡಿದ್ದು ಆರು ಪಂದ್ಯ. ಯೂಟಾದಲ್ಲಿ ನಡೆದ ಪಂದ್ಯದಲ್ಲಿ ಪ್ರೇಕ್ಷಕರು ಎದುರಾಳಿ ತಂಡದವನಾದ ಅವನಿಗಾಗಿ ಕೂಗಿದರು. ಆ ರಾತ್ರಿ ಅವನ ತಂಡದ ಡೆವಿನ್ ಬುಕರ್ 59 ಅಂಕ ಗಳಿಸಿದರೂ ಸನ್ಸ್ ಹೀನಾಯವಾಗಿ ಸೋತಿತು. ಮೂವತ್ತರ ವಯಸ್ಸಿನಲ್ಲಿ ಆರು ಪಂದ್ಯಗಳ ಪರೀಕ್ಷೆ ನ್ಯಾಯವಾದದ್ದೇ ಎಂದು ತಾವು ಕೇಳಬಹುದು. ಆ ಮಟ್ಟಿಗೆ ಒಪ್ಪುತ್ತೇನೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಗುರಿ ಏರಿದಂತೆ ನಿಮಿಷಗಳು ಇಳಿದ ಆ ಅಂಕಿಗಳನ್ನು ನಾನು ಗಮನಿಸಿಯೇ ಇರಲಿಲ್ಲ. ಹಳೆಯ ಕಾಲೇಜು ಪಂದ್ಯವೊಂದನ್ನು ಮತ್ತೆ ಹಾಕಿ ನೋಡಿದೆ. 2011ರ ರಾಷ್ಟ್ರೀಯ ಟೂರ್ನಿಯಲ್ಲಿ ಫ್ಲಾರಿಡಾ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ಸೋತ ಪಂದ್ಯ ಅದು. 32 ಅಂಕ ಗಳಿಸಿದ್ದಾನೆ ನಿಜ, ಆದರೆ ಅದಕ್ಕಾಗಿ 29 ಸಲ ಎಸೆದಿದ್ದಾನೆ. ಮೂರು ಅಂಕದ ಗೆರೆಯಾಚೆಯಿಂದ ಎಸೆದ ಹದಿನೈದರಲ್ಲಿ ಮೂರೇ ಬಿದ್ದಿವೆ. ಮೊದಲ ಸಲ ನೋಡಿದಾಗ ನನಗೆ ಕಂಡದ್ದು ಆ ಮೂರು ಮಾತ್ರ.

ಚೀನಾದಲ್ಲಿ ಅವನು ಬಹಳ ದೊಡ್ಡ ಹೆಸರು ಮಾಡಿದನೆಂದೂ, ನಂತರ ಮೂವರ ಬ್ಯಾಸ್ಕೆಟ್‌ಬಾಲ್ ಆಡಿದನೆಂದೂ ಓದಿದ್ದೇನೆ. ಅದನ್ನು ಈ ವಾದದಲ್ಲಿ ಎಲ್ಲಿ ಇಡಬೇಕು? ಅಲ್ಲಿನ ಮಟ್ಟ ಕಡಿಮೆ ಎಂದು ತಳ್ಳಿಹಾಕಿದರೆ ಸಾಕೇ?

ನಾಲ್ಕನೆಯ ಉತ್ತರ

ಮಟ್ಟ ಕಡಿಮೆ ಎಂಬುದು ಸುಳ್ಳಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಈ ವೃತ್ತಿಜೀವನದ ಅತ್ಯಂತ ಸ್ವಾರಸ್ಯದ ಭಾಗ ಕೈತಪ್ಪುತ್ತದೆ.

2016ರಲ್ಲಿ ಫ್ರೆಡೆಟ್ ಶಾಂಘೈ ಶಾರ್ಕ್ಸ್ ಸೇರಿದ. ಚೀನಾದ ಹೆಸರಾಂತ ಆಟಗಾರ ಯಾವೊ ಮಿಂಗ್ ಹಿಂದೆ ಆಡಿದ, ಆಗ ಅವನದೇ ಒಡೆತನದಲ್ಲಿದ್ದ ತಂಡ ಅದು. ಚೀನೀ ಲೀಗಿನಲ್ಲಿ ಒಂದು ತಂಡ ಬೆರಳೆಣಿಕೆಯ ವಿದೇಶೀಯರನ್ನು ಮಾತ್ರ ಇಟ್ಟುಕೊಳ್ಳಬಹುದು. ಅವರು ಆಡಬಹುದಾದ ಕ್ವಾರ್ಟರ್‌ಗಳಿಗೂ ಮಿತಿ ಇದೆ. ಹೀಗಿರುವಾಗ ಸಂಬಳ ಕೊಟ್ಟು ಕರೆತಂದ ವಿದೇಶೀ ಗಾರ್ಡ್ ಅಂಗಳದಲ್ಲಿರುವಷ್ಟು ಹೊತ್ತೂ ಚೆಂಡು ಅವನ ಕೈಯಲ್ಲಿರಬೇಕೆಂಬುದು ಅಲ್ಲಿನ ಲೆಕ್ಕಾಚಾರ. ಫ್ರೆಡೆಟ್‌ಗೆ ಪ್ರೋವೊದಲ್ಲಿದ್ದ ಆಟವೇ ಮತ್ತೆ ಸಿಕ್ಕಿತು. ಮೊದಲ ಋತುವಿನಲ್ಲಿ ಪಂದ್ಯಕ್ಕೆ 37.6 ಅಂಕಗಳ ಸರಾಸರಿ, ಜೊತೆಗೆ ಲೀಗಿನ ಅತ್ಯುತ್ತಮ ವಿದೇಶೀ ಆಟಗಾರನೆಂಬ ಪ್ರಶಸ್ತಿ. ಅಭಿಮಾನಿಗಳು ಅವನಿಗೆ ‘ಏಕಾಂಗಿ ದೇವರು’ ಎಂಬ ಅರ್ಥದ ಅಡ್ಡಹೆಸರು ಇಟ್ಟರು. ಅವನ ಹೆಸರನ್ನು ಚೀನೀ ಭಾಷೆಯಲ್ಲಿ ಉಚ್ಚರಿಸಿದರೆ ಏಕಾಕಿತನ ಎಂಬರ್ಥದ ಪದದಂತೆಯೇ ಕೇಳಿಸುತ್ತದೆ ಎಂಬುದು ಇದರ ಮೂಲ. ಅಂಗಳದಲ್ಲಿ ಅವನು ಆಡುತ್ತಿದ್ದ ರೀತಿಗೂ ಅದು ಹೊಂದುತ್ತಿತ್ತು.

ಏಕೆ ಹೊಂದುತ್ತಿತ್ತು ಎಂಬುದಕ್ಕೆ ಎರಡು ಪಂದ್ಯಗಳನ್ನು ಉದಾಹರಿಸುತ್ತೇನೆ. 2017ರ ಫೆಬ್ರುವರಿಯಲ್ಲಿ ಅವನು ಒಂದು ಪಂದ್ಯದಲ್ಲಿ 73 ಅಂಕ ಗಳಿಸಿದ. ಎರಡು ಹೆಚ್ಚುವರಿ ಅವಧಿಗಳಿಗೆ ಎಳೆದ ಆ ಪಂದ್ಯವನ್ನು ಶಾಂಘೈ ಸೋತಿತು. 2018ರ ನವೆಂಬರ್‌ನಲ್ಲಿ 75 ಅಂಕ ಗಳಿಸಿದ. ಅದನ್ನೂ ಶಾಂಘೈ ಒಂದೇ ಒಂದು ಅಂಕದ ಅಂತರದಿಂದ ಸೋತಿತು. ಅವನ ಜೀವನದ ಎರಡು ಅತಿದೊಡ್ಡ ರಾತ್ರಿಗಳೂ ಸೋಲಿನ ರಾತ್ರಿಗಳೇ. ಅವನ ಮೇಲೆ ಟೀಕೆ ಮಾಡುವವರು ಇದನ್ನು ಎತ್ತಿ ಹೇಳುತ್ತಾರೆ. ಅಷ್ಟು ಅಂಕ ಬರದಿದ್ದರೆ ಆ ಪಂದ್ಯಗಳು ಕೊನೆಯ ಗಳಿಗೆಯವರೆಗೆ ಉಳಿಯುತ್ತಲೂ ಇರಲಿಲ್ಲ ಎಂದು ನಾನು ಹೇಳುತ್ತೇನೆ. ಎರಡೂ ಮಾತು ನಿಜವಿರಬಹುದು.

ಚೆಂಡನ್ನು ಬೇರೆಯವರೊಂದಿಗೆ ಹಂಚಿಕೊಂಡು ಆಡಲು ಅವನಿಗೆ ಬರುತ್ತಲೇ ಇರಲಿಲ್ಲ ಎನ್ನುವುದೂ ಅತಿರೇಕವೇ. 2019–20ರಲ್ಲಿ ಗ್ರೀಸಿನ ಪನಥಿನೈಕೋಸ್ ತಂಡದಲ್ಲಿ ಆಟ ಕಟ್ಟುವ ಹೊಣೆ ನಿಕ್ ಕಲಾಥಿಸ್‌ನದಾಗಿತ್ತು. ಫ್ರೆಡೆಟ್ ಅವನ ಪಕ್ಕದಲ್ಲಿ ಎಸೆಯುವ ಗಾರ್ಡ್ ಆಗಿ, ಯುರೋಪಿನ ಅಗ್ರ ಕ್ಲಬ್‌ಗಳ ಯೂರೋಲೀಗಿನಂಥ ಬಿಗಿಯಾದ ಸ್ಪರ್ಧೆಯಲ್ಲಿ ಮರ್ಯಾದೆಯಿಂದ ಆಡಿದ. ಮಹಾಮಾರಿ ಬಂದು ಆ ಯೂರೋಲೀಗ್ ಋತು ಅರ್ಧಕ್ಕೆ ನಿಂತುಹೋಯಿತು.

ಇನ್ನು ಮೂವರ ಆಟ. ಅರ್ಧ ಅಂಗಳ, ಒಂದೇ ಬುಟ್ಟಿ, ಹತ್ತು ನಿಮಿಷ ಅಥವಾ ಮೊದಲು 21 ಅಂಕ ಮುಟ್ಟಿದವರಿಗೆ ಗೆಲುವು. ಕಮಾನಿನ, ಅಂದರೆ ದೂರದ ಎಸೆತದ ಗೆರೆಯ, ಒಳಗಿನಿಂದ ಹಾಕಿದ ಬುಟ್ಟಿಗೆ ಒಂದು ಅಂಕ, ಹೊರಗಿನಿಂದ ಹಾಕಿದ್ದಕ್ಕೆ ಎರಡು. ಈ ನಿಯಮದೊಳಗೆ ಅಡಗಿರುವ ಗಣಿತವನ್ನು ಗಮನಿಸಬೇಕು. ಒಬ್ಬ ಆಟಗಾರ ಹೊರಗಿನಿಂದ ಶೇ 35ರಷ್ಟು ಗುರಿ ಮುಟ್ಟುತ್ತಾನೆ, ಇನ್ನೊಬ್ಬ ಬುಟ್ಟಿಯ ಬಳಿಯಿಂದ ಶೇ 60ರಷ್ಟು ಮುಟ್ಟುತ್ತಾನೆ ಎಂದುಕೊಳ್ಳೋಣ. ಐವರ ಆಟದಲ್ಲಿ ಮೊದಲನೆಯವನ ಒಂದು ಎಸೆತದ ಬೆಲೆ ಸರಾಸರಿ 1.05 ಅಂಕ, ಎರಡನೆಯವನದು 1.20. ಬುಟ್ಟಿಯ ಬಳಿಯವನೇ ಮೇಲು. ಮೂವರ ಆಟದಲ್ಲಿ ಅದೇ ಇಬ್ಬರ ಎಸೆತಗಳ ಬೆಲೆ 0.70 ಮತ್ತು 0.60. ತಕ್ಕಡಿ ತಲೆಕೆಳಗಾಯಿತು. ಐವರ ಆಟದಲ್ಲಿ ಹೊರಗಿನ ಎಸೆತ ಒಳಗಿನದಕ್ಕಿಂತ ಒಂದೂವರೆ ಪಟ್ಟು ಬೆಲೆಯದಾದರೆ ಇಲ್ಲಿ ನೇರವಾಗಿ ಎರಡು ಪಟ್ಟು. ದೂರದಿಂದ ಎಸೆಯುವ ಫ್ರೆಡೆಟ್‌ನಂಥವನಿಗಾಗಿಯೇ ಯಾರೋ ಕುಳಿತು ಬರೆದ ನಿಯಮದಂತಿದೆ. ಮೂವರೇ ಇರುವುದರಿಂದ ಚೆಂಡಿಗಾಗಿ ಕಾಯುವವರು ಕಡಿಮೆ. ಅಂಗಳ ತೆರೆದಿರುವುದರಿಂದ ಎರಡನೆಯ ರಕ್ಷಕ ನೆರವಿಗೆ ಬಂದರೆ ಬೇರೊಬ್ಬ ಪೂರ್ತಿ ಬಿಡುವಾಗಿ ನಿಂತಿರುತ್ತಾನೆ.

2023ರಲ್ಲಿ ವಿಯೆನ್ನಾದಲ್ಲಿ ನಡೆದ ಮೂವರ ವಿಶ್ವಕಪ್‌ನಲ್ಲಿ ಫ್ರೆಡೆಟ್ ಇದ್ದ ಅಮೆರಿಕ ತಂಡ ಫೈನಲ್‌ಗೆ ಬಂದು ಸರ್ಬಿಯಾ ಎದುರು ಸೋತು ಬೆಳ್ಳಿ ಪಡೆಯಿತು. ಅದೇ ವರ್ಷ ಸ್ಯಾಂಟಿಯಾಗೊದ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಿತು. ಟೋಕಿಯೊ ಒಲಿಂಪಿಕ್ಸ್‌ಗೆ ಅರ್ಹತೆಯನ್ನೇ ಗಳಿಸದಿದ್ದ ಅಮೆರಿಕದ ಪುರುಷರ ತಂಡ 2024ರ ಪ್ಯಾರಿಸ್‌ಗೆ ಫ್ರೆಡೆಟ್‌ನನ್ನು ಮುಂದಿಟ್ಟುಕೊಂಡೇ ಹೋಯಿತು. ಅಲ್ಲಿ ಎರಡನೆಯ ಪಂದ್ಯದಲ್ಲಿ ಪೋಲೆಂಡ್ ವಿರುದ್ಧ ಆಡುವಾಗ ತೊಡೆಯ ಸ್ನಾಯು ಹರಿದು ಅವನು ಹೊರಬಿದ್ದ. ಮೂವರ ಆಟದಲ್ಲಿ ತಂಡಕ್ಕೆ ನಾಲ್ವರೇ. ಒಬ್ಬ ಹೋದರೆ ಬದಲಿಗೆ ಇನ್ನೊಬ್ಬನನ್ನು ಕರೆಸುವಂತಿಲ್ಲ. ಉಳಿದ ಮೂವರು ಒಬ್ಬರಿಗೊಬ್ಬರು ಬಿಡುವು ಕೊಡಲಾಗದೆ ಉಳಿದ ಪಂದ್ಯಗಳನ್ನೆಲ್ಲ ಆಡಿ ಮುಗಿಸಿದರು. ಏಳು ಪಂದ್ಯಗಳಲ್ಲಿ ಎರಡು ಗೆಲುವು, ಐದು ಸೋಲು, ಮುಂದಿನ ಸುತ್ತು ತಪ್ಪಿತು. ಚಿನ್ನ ನೆದರ್ಲೆಂಡ್ಸ್ ಪಾಲಾಯಿತು. 2025ರ ಏಪ್ರಿಲ್‌ನಲ್ಲಿ ಫ್ರೆಡೆಟ್ ನಿವೃತ್ತಿ ಘೋಷಿಸಿದ.

ಪ್ರಶ್ನೆ ಕೇಳಿದವರು

ಆ ಗಣಿತ ಕಣ್ಣು ತೆರೆಸಿತು. ಮೂವರ ಆಟವನ್ನು ಇದುವರೆಗೆ ಬಿಡುವಿನ ವಿನೋದವೆಂದೇ ತಿಳಿದಿದ್ದೆ. ಒಂದು ಸಣ್ಣ ಸಂದೇಹ ಉಳಿದಿದೆ. ಅವನು ಗಾಯಗೊಂಡಾಗ ಆಟದ ಯೋಜನೆ ಬದಲಿಸಲು ಕೋಚ್ ಏನನ್ನೂ ಮಾಡಲಿಲ್ಲವೇ?

ನಾಲ್ಕನೆಯ ಉತ್ತರದವರು

ಪಂದ್ಯ ನಡೆಯುತ್ತಿರುವಾಗ ಅಂಗಳದ ಬದಿಯಲ್ಲಿ ಕುಳಿತು ಸೂಚನೆ ಕೊಡಲು ಮೂವರ ಆಟದಲ್ಲಿ ಕೋಚ್‌ಗೆ ಅವಕಾಶವಿಲ್ಲ. ಬದಲಾವಣೆ, ವಿರಾಮ, ಯೋಜನೆ ಎಲ್ಲವನ್ನೂ ಆಟಗಾರರೇ ತಮ್ಮೊಳಗೆ ನಿರ್ಧರಿಸಿಕೊಳ್ಳಬೇಕು. ಒಂದು ದಾಳಿಗೆ ಸಿಗುವುದು 12 ಸೆಕೆಂಡು. ಬುಟ್ಟಿಗೆ ಬಿದ್ದ ಚೆಂಡನ್ನು ಎದುರಾಳಿ ಎತ್ತಿಕೊಂಡು ಕಮಾನಿನಾಚೆ ಕೊಂಡೊಯ್ದ ಕೂಡಲೇ ಮುಂದಿನ ದಾಳಿ ಶುರುವಾಗಿರುತ್ತದೆ. ತಮಗೆ ಆಸಕ್ತಿಯಿದ್ದರೆ 2023ರ ವಿಯೆನ್ನಾ ಫೈನಲ್ ನೋಡಿ. 21–19ರಲ್ಲಿ ಮುಗಿದ ಪಂದ್ಯ ಅದು. ಚೆಂಡು ಫ್ರೆಡೆಟ್‌ನ ಬಳಿ ಇಲ್ಲದ ದಾಳಿಗಳಲ್ಲಿ ಸರ್ಬಿಯಾದ ರಕ್ಷಕ ಅವನಿಂದ ಎಷ್ಟು ದೂರ ನಿಂತಿದ್ದಾನೆ ಎಂಬುದನ್ನೇ ಗಮನಿಸುತ್ತಾ ಹೋಗಿ.